ಅಣ್ಣನಿಗೆ ಬಂದ ವೀಳ್ಯ

ನನ್ನ ಅಣ್ಣನಿಗೆ ಬಂದ ವೀಳ್ಯವನ್ನು ನಾನು ತಿಂದುಬಿಟ್ಟೆ. ಅವನಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಕನ್ಯಾಸ್ತ್ರೀಯರ ಶಾಲೆಯಲ್ಲಿ ಮೂರನೆಯ ತರಗತಿಗೇ ನನ್ನ ಓದು ನಿಂತಿತು. ಬರೆಯಲು ಬಂದಷ್ಟರಲ್ಲಿ ಬರೆಯುತ್ತೇನೆ.

ಅಣ್ಣ ಅಂತೋಣಿ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಅಷ್ಟರಲ್ಲೇ ಇದ್ದಿದ್ದರೆ ನಮ್ಮ ಓಣಿಯವರೆಲ್ಲ ಅವನನ್ನು ಹೊಗಳುತ್ತಿದ್ದರು — ಕೆಂಪು ಕೋಟು, ಹೊಳೆಯುವ ಗುಂಡಿ. ಆದರೆ ಅವನಿಗೆ ರಾಗದ ಹುಚ್ಚು ಹಿಡಿಯಿತು. ಕೋಟೆಯ ಆಚೆಯ ಅಗ್ರಹಾರದಲ್ಲಿ ಒಬ್ಬ ಪಿಟೀಲು ವಿದ್ವಾಂಸರಿದ್ದರು. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಇವನು ಅವರ ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದನಂತೆ. ಒಂದು ದಿನ ಅವರೇ ಜಗಲಿಯ ಮೇಲೆ ಕೂರಲು ಹೇಳಿದರು. ಅಲ್ಲಿಂದ ಪಾಠ ಶುರುವಾಯಿತು. ಅವರು ಕಿಟಕಿಯ ಒಳಗೆ, ಇವನು ಹೊರಗೆ. ಒಳಗಿನಿಂದ ಬಂದದ್ದನ್ನು ಇವನು ಹೊರಗೆ ಕೂತು ಊದಬೇಕು. ಸ್ವರ ಬಾಗದಿದ್ದರೆ ಕಿಟಕಿಯ ಸರಳಿಗೆ ಪಿಟೀಲಿನ ಕಮಾನಿನಿಂದ ಒಂದು ತಟ್ಟು. ಮತ್ತೆ ಊದಬೇಕು. ಆ ಕೊಳವೆಯಲ್ಲಿ ಸ್ವರ ಬಾಗುವುದಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ತೂತುಗಳನ್ನು ಅರೆಬರೆ ಮುಚ್ಚಿ, ತುಟಿ ಸಡಿಲಿಸಿ, ಅಣ್ಣ ಅದನ್ನು ಬಾಗಿಸಿದ. ಅದಕ್ಕೆ ವರ್ಷಗಳು ಹಿಡಿದವು.

ನನಗೆ ಆ ಸಂಗೀತ ಹಿಡಿಸುತ್ತಿರಲಿಲ್ಲ. ಯಾರೋ ಮೂಗಿನಲ್ಲಿ ಅತ್ತಂತೆ ಕೇಳುತ್ತಿತ್ತು. ಆಗ ನನಗೆ ಗಂಡು ಗೊತ್ತಾಗುವುದರಲ್ಲಿತ್ತು. ನೀರಿನ ಕೊಳಾಯಿಯ ಹತ್ತಿರ ಪಕ್ಕದ ಮನೆಯ ಮರಿಯಮ್ಮ ಕೇಳಿದ್ದಳು: "ಏನೇ ಚೌರಮ್ಮ, ನಿಮ್ಮಣ್ಣ ಓಲಗದೋನು ಆಗ್ಬುಟ್ನಂತೆ? ನಿನ್ ಮದ್ವೆಗೆ ಅವನೇ ಊದ್ತಾನೋ, ಇಲ್ಲ ಉಡುಗೊರೆ ಕೊಟ್ಟು ಬೇರೆಯವರನ್ನ ಕರುಸ್ತೀರೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೊಡ ಎತ್ತಿಕೊಂಡೆ — ಒಳಗೆ ಉರಿಯುತ್ತಿತ್ತು.

ರಾಮನವಮಿಗೆ ಎರಡು ದಿನವಿರುವಾಗ ವಿದ್ವಾಂಸರು ನಮ್ಮ ಮನೆಗೆ ಬಂದರು. ಅಂಥವರು ನಮ್ಮ ಓಣಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನಮಗೆ ಆಗ ತಪಸ್ಸುಕಾಲ, ಹಾಡು ಹಬ್ಬ ಏನೂ ಇಲ್ಲದ ದಿನಗಳು. ಅಣ್ಣ ಬ್ಯಾಂಡಿಗೆ ಹೋಗಿದ್ದ. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಅಷ್ಟು ವರ್ಷ ಅಣ್ಣನನ್ನು ಜಗಲಿಯಲ್ಲಿ ಕೂರಿಸಿದವರು ನಮ್ಮ ಜಗಲಿಯ ಕೆಳಗೆ ಬಿಸಿಲಿನಲ್ಲಿ ನಿಂತೇ ಮಾತಾಡಿದರು.

"ರಾಮನವಮಿ ಕಚೇರಿಗೆ ಅಂತೋಣಿ ನನ್ನ ಪಕ್ಕದಲ್ಲಿ ಕೂತು ನುಡಿಸ್ಬೇಕಮ್ಮ. ಈ ವೀಳ್ಯ ಅವನಿಗೆ. ಇದನ್ನ ತಗೊಂಡ್ರೆ ಬರ್ತಾನೆ ಅಂತ ತಿಳ್ಕೋತೀನಿ."

ಅವರು ನನ್ನ ಮುಖ ನೋಡಿ ಏನನ್ನೋ ಅರ್ಥ ಮಾಡಿಕೊಂಡವರಂತೆ ಸ್ವಲ್ಪ ನಕ್ಕರು.

"ನಿನಗೆ ಹಿಡಿಸಲ್ಲ ಅಲ್ವೇ? ನನಗೂ ಆ ಕೊಳವೆ ಹಿಡಿಸಲ್ಲ ಕಣಮ್ಮ, ಈಗ್ಲೂ ಹಿಡಿಸಲ್ಲ. ಆದ್ರೆ ಅದರೊಳಗಿಂದ ಅವನು ತೋಡಿ ರಾಗ ತೆಗೆದ. ಅದನ್ನ ಕೇಳಿದ ಮೇಲೆ ನನ್ನ ಇಷ್ಟ ಏನು ಅಂತ ಯಾರು ಕೇಳ್ತಾರೆ?"

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅಣ್ಣ ರಾಮನವಮಿಯ ಪೆಂಡಾಲಿನಲ್ಲಿ ಕೂರುವುದನ್ನು ಒಪ್ಪುವ ಮನಸ್ಸೂ ಇರಲಿಲ್ಲ. ಕೈ ಮಾತ್ರ ಮುಂದೆ ಹೋಯಿತು. ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಕಾಯಿಯನ್ನು ಸಾರಿಗೆ ಅರೆದೆ. ಎಲೆಯನ್ನು ಮರಿಯಮ್ಮನೊಡನೆ ಹಂಚಿಕೊಂಡು ತಿಂದೆ. ಅದೇ ಸಾರನ್ನು ಅಣ್ಣ ಚೆನ್ನಾಗಿದೆ ಎಂದು ಉಂಡ.

ವೀಳ್ಯದ ಅರ್ಥ ನನಗೆ ತಿಳಿದಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಬಿಡಿಸಿ ಹೇಳಿದ್ದರು.

ರಾಮನವಮಿಯ ಸಂಜೆ ಅಣ್ಣ ಮನೆಯಲ್ಲಿ ಕೂತು ಕೋಟಿನ ಗುಂಡಿ ಉಜ್ಜುತ್ತಿದ್ದ. ನಾನು ಹೂವು ತರುವ ನೆಪ ಹೇಳಿ ಪೆಂಡಾಲಿನ ಹತ್ತಿರ ಹೋದೆ. ಯಾಕೆ ಹೋದೆನೋ — ಯಾರೋ ಕೈಗೆ ಪಾನಕ ಕೊಟ್ಟರು. ವಿದ್ವಾಂಸರು ಶ್ರುತಿ ಮಾಡಿಕೊಂಡು ಬಾಗಿಲ ಕಡೆ ನೋಡಿದರು. ಮತ್ತೆ ಶ್ರುತಿ ಮಾಡಿದರು, ಮತ್ತೆ ನೋಡಿದರು. ಅವರ ಬಲಕ್ಕೆ ಹಾಸಿದ್ದ ಚಾಪೆ ಖಾಲಿಯಿತ್ತು. ಆಮೇಲೆ ಒಬ್ಬರೇ ನುಡಿಸಿದರು. ಕಚೇರಿ ಮುಗಿಯುವವರೆಗೂ ಆ ಚಾಪೆಯನ್ನು ಯಾರಿಗೂ ಸುತ್ತಲು ಬಿಡಲಿಲ್ಲ.

ಮುಂದಿನ ಭಾನುವಾರ ಅಣ್ಣ ಬೇಗ ಮನೆಗೆ ಬಂದ.

"ಕಿಟಕಿ ಹಾಕ್ಬುಟ್ಟಿದಾರೆ ಕಣೆ. ಕರೆದ್ರೂ ತೆಗೀಲಿಲ್ಲ. ನನ್ನ ಊದೋದು ಸಾಕಾಗಿರ್ಬೇಕು ಅವರಿಗೆ."

ಆಗಲಾದರೂ ಹೇಳಬಹುದಿತ್ತು. ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ವೀಳ್ಯ ಹಿಡಿದು ಬಾರದವನನ್ನು ಏಕೆ ಬರಲಿಲ್ಲ ಎಂದು ಕೇಳುವವರಲ್ಲ ಅವರು. ಗುರು ಮುಚ್ಚಿದ ಕಿಟಕಿಯನ್ನು ಎರಡನೆಯ ಸಲ ತಟ್ಟುವವನಲ್ಲ ಇವನು. ಹೀಗೆ ವರ್ಷಗಳು ಕಳೆದು ವಿದ್ವಾಂಸರು ತೀರಿಕೊಂಡರು. ಅವರ ಶವ ಹೊರಟಾಗ ಅಣ್ಣ ಅಗ್ರಹಾರದ ಬೀದಿಯ ಕೊನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಆದರೂ ಅವನು ಊದುವುದನ್ನು ಬಿಡಲಿಲ್ಲ. ಈಗ ಮೈಸೂರಿನಲ್ಲಿ ಯಾವ ಮೆರವಣಿಗೆ ಹೊರಟರೂ ಕ್ಲಾರಿಯೋನೆಟ್ ಹಿಡಿದವರ ಬೆರಳು ಅಣ್ಣನ ಬೆರಳಿನಂತೆಯೇ ತೂತಿನ ಮೇಲೆ ಜಾರುತ್ತದೆ. ಅವರಲ್ಲಿ ಎಷ್ಟೋ ಜನಕ್ಕೆ ಅವನ ಹೆಸರೂ ಗೊತ್ತಿಲ್ಲ. ಕಲಿಯಲು ಬಂದವರಿಗೆ ಅವನು ಮೊದಲು ಅಗ್ರಹಾರದ ದಿಕ್ಕಿಗೆ ತಿರುಗಿ ನೆಲ ಮುಟ್ಟಲು ಹೇಳುತ್ತಾನೆ. ತನ್ನನ್ನು ಬೇಡವೆಂದರು ಎಂದು ತಾನು ನಂಬಿರುವವರಿಗೆ, ಇಷ್ಟು ವರ್ಷ, ಆ ನಮಸ್ಕಾರ. ನನಗೆ ಆ ಸಂಗೀತ ಈಗಲೂ ಹಿಡಿಸುವುದಿಲ್ಲ. ಆದರೆ ಅವನು ಊದಲು ಕೂತರೆ ನಾನು ಎದ್ದು ನಿಲ್ಲುತ್ತೇನೆ. ಮಂಡಿನೋವು ಇದ್ದರೂ ನಿಲ್ಲುತ್ತೇನೆ.

ಚರ್ಚಿನ ಸ್ವಾಮಿಗಳ ಮುಂದೆ ಪಾಪನಿವೇದನೆ ಮಾಡಿದ್ದೇನೆ. ಕ್ಷಮೆಯಾಯಿತು ಎಂದರು. ಆದರೆ ಕಿಟಕಿ ಮುಚ್ಚಿದ್ದು ಸ್ವಾಮಿಗಳ ಮುಖದ ಮೇಲಲ್ಲ.

ನಾಳೆ ರಾಮನವಮಿ. ಚಿಗುರೆಲೆ ತಂದು ಒರೆಸಿ, ಅಡಿಕೆ, ತೆಂಗಿನಕಾಯಿಯ ಜೊತೆ ತಟ್ಟೆಯಲ್ಲಿಟ್ಟಿದ್ದೇನೆ. ಬೆಳಿಗ್ಗೆ ಅಣ್ಣನ ಮನೆಗೆ ಹೋಗುತ್ತೇನೆ. ಇದೇನೇ ಎಂದು ಅವನು ಕೇಳುತ್ತಾನೆ. ನಿನ್ನದೇ ಅಣ್ಣ, ಅವರೇ ಮನೆಗೆ ಬಂದು ಕೊಟ್ಟು ಹೋಗಿದ್ದರು, ಎನ್ನುತ್ತೇನೆ. ಉಳಿದದ್ದನ್ನೂ ಹೇಳುತ್ತೇನೆ. ಜಗಲಿಯ ಕೆಳಗೆ ನಿಂತೇ ಹೇಳುತ್ತೇನೆ.