ಏಳನೇ ಮೆಟ್ಟಿಲು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗಿನ ಮಾತು. ಜ್ಞಾನಭಾರತಿ ಹತ್ತಿರದ ಕಾಲೇಜೊಂದರಲ್ಲಿ ನಾನು ಜಾನಪದ ಪಾಠ ಮಾಡುತ್ತಿದ್ದೆ. ಅಜ್ಜಿಕಥೆಗಳು ಹೇಗೆ ಹುಟ್ಟಿದವು, ಅವುಗಳ ಲಕ್ಷಣಗಳೇನು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಬರೆದು, ಎಲ್ಲ ಗೊತ್ತೆಂಬ ಕೊಬ್ಬು ಬಂದಿತ್ತು.

ಕಾಮಾಕ್ಷಿಪಾಳ್ಯದ ಪುಟ್ಟಮ್ಮ ಎಲ್ಲೂ ಕೇಳದ ಕಥೆ ಹೇಳುತ್ತಾರೆಂದು ವಿದ್ಯಾರ್ಥಿನಿಯೊಬ್ಬಳು ತಿಳಿಸಿದಳು. ರೆಕಾರ್ಡರ್ ಹಿಡಿದು ಹೋದೆ. ಗಾರ್ಮೆಂಟ್ಸ್‌ನಲ್ಲಿ ದುಡಿದ ಜೀವ. ಈಗ ಶ್ವಾಸಕೋಶ ಕೆಟ್ಟು ಮಂಚ ಹಿಡಿದಿದ್ದರು. ಜೊತೆಗೆ ಆರು ವರ್ಷದ ಮೊಮ್ಮಗಳು ಗೌರಿ. ಅವಳ ತಾಯಿ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು.

"ಈ ಕಥೆ ಯಾರು ಹೇಳಿಕೊಟ್ಟಿದ್ದು?" ಎಂದೆ.

"ಯಾರೂ ಇಲ್ಲ ಸಾರ್. ಅಮ್ಮ ಎಲ್ಲಿ ಅಂತ ದಿನಾ ಕೇಳೋಳು. ಏನಾದ್ರೂ ಹೇಳ್ಬೇಕಿತ್ತಲ್ಲ."

ರಕ್ಕಸನೊಬ್ಬ ಅಮ್ಮನನ್ನು ಏಳು ಮೆಟ್ಟಿಲಿನ ಬಾವಿಯ ತಳದಲ್ಲಿ ಬಚ್ಚಿಟ್ಟಿದ್ದಾನೆ. ಮಗಳು ದಿನಕ್ಕೊಂದು ಮೆಟ್ಟಿಲು ಇಳಿಯುತ್ತಾಳೆ. ಪುಟ್ಟಮ್ಮ ಹೇಳುತ್ತಿದ್ದುದೂ ದಿನಕ್ಕೊಂದೇ ಮೆಟ್ಟಿಲು. ನಾನು ಹೋದದ್ದು ಏಳನೆಯ ದಿನ.

ಕಥೆ ಕೇಳುವವರು ಮಾತು ಮಾತಿಗೂ ಹೂಂಗುಟ್ಟುವುದು ನಮ್ಮ ರೂಢಿ. ಗೌರಿಯೂ "ಹೂಂ" ಎನ್ನುತ್ತ ಕೂತಿದ್ದಳು. ರೆಕಾರ್ಡಿಂಗ್ ಕೆಡುತ್ತದೆಂದು ನಾನು ಅವಳನ್ನು ಪಕ್ಕದ ಮನೆಗೆ ಕಳಿಸಿಬಿಟ್ಟೆ.

"ಹೂಂಗುಟ್ಟೋರಿಲ್ದೆ ಹೆಂಗ್ ಹೇಳ್ಲಿ ಸಾರ್?"

"ಹೇಳಿ ಅಮ್ಮ, ನಾನು ಕೇಳ್ತಾ ಇದೀನಿ."

ನಾನು ತುಟಿ ಬಿಚ್ಚಲಿಲ್ಲ. ಕಥೆ ಸಂಗ್ರಹಿಸುವವನ ದನಿ ರೆಕಾರ್ಡಿಂಗಿನಲ್ಲಿ ಬೀಳಬಾರದೆಂಬುದು ನಮ್ಮ ನಿಯಮ. ಪುಟ್ಟಮ್ಮ ತಡವರಿಸಿದರು. "ಏಳನೇ ಮೆಟ್ಲು ಇಳಿದ್ಲು..." ಎಂದವರು ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಸುಮ್ಮನಾದರು. ಆಮೇಲೆ ಕೆಮ್ಮು ಹತ್ತಿತು. "ಇವತ್ತು ಆಗಲ್ಲ ಸಾರ್. ನಾಳೆ ಮಗು ಇರ್ಲಿ, ಹೇಳ್ತೀನಿ."

ಬೆಳಗಾಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಅಲ್ಲಿಂದ ಹಿಂದಿರುಗಲಿಲ್ಲ.

ಹನ್ನೊಂದನೇ ದಿನ ಮತ್ತೆ ಹೋದೆ. ಪಕ್ಕದ ಮನೆಯವರು ಗೌರಿಯನ್ನು ನೋಡಿಕೊಳ್ಳುತ್ತಿದ್ದರು. ಅಜ್ಜಿಯ ದನಿಯಾದರೂ ಕೇಳಲಿ ಎಂದು ರೆಕಾರ್ಡಿಂಗ್ ಹಾಕಿದೆ. "ಏಳನೇ ಮೆಟ್ಲು ಇಳಿದ್ಲು..." ಆಮೇಲೆ ಬರೀ ಫ್ಯಾನಿನ ಸದ್ದು.

ಗೌರಿ ಮುಂದೆ ಬಾಗಿ "ಹೂಂ" ಎಂದಳು. ಕಾದಳು. ಮತ್ತೆ, ಇನ್ನಷ್ಟು ಗಟ್ಟಿಯಾಗಿ, "ಹೂಂ."

ಕೆಮ್ಮು ಬರುವ ಮೊದಲೇ ರೆಕಾರ್ಡರ್ ನಿಲ್ಲಿಸಿದೆ.

"ಅಮ್ಮ ಸಿಕ್ಕಿದ್ಲಾ ತಾತ?"

ಕೊನೆಗೆ ಒಳ್ಳೆಯದಾಗುವುದೇ ಇಂಥ ಕಥೆಗಳ ಮುಖ್ಯ ಲಕ್ಷಣ ಎಂದು ಮಕ್ಕಳಿಗೆ ನೋಟ್ಸ್ ಬರೆಸಿದವನು ನಾನು. "ಸಿಕ್ಕಿದ್ಲು ಕಂದಾ" ಎಂದೆ. ಗೌರಿ ಹೂಂ ಎನ್ನಲಿಲ್ಲ.

ಕಥೆ ಹೇಳುವವರ ಬಾಯಲ್ಲಿರುತ್ತದೆ ಎಂದುಕೊಂಡಿದ್ದೆ. ಅದು ಹುಟ್ಟುವುದೂ ಮುಂದೆ ಸಾಗುವುದೂ ಕೇಳುವವರಿಂದ ಎಂಬುದನ್ನು ನನ್ನ ಕಸುಬು ತಡವಾಗಿ, ತುಂಬ ಕೆಟ್ಟದಾಗಿ ಕಲಿಸಿತು. ಅಲ್ಲಿಂದಾಚೆ ನಾನು ಮಾಡಿದ ಪ್ರತಿ ರೆಕಾರ್ಡಿಂಗಿನಲ್ಲೂ ನನ್ನ ಹೂಂ ಇದೆ. ಸಂಗ್ರಹದ ರಿಜಿಸ್ಟರಿನಲ್ಲಿ ಪುಟ್ಟಮ್ಮನ ಕಥೆಯ ಮುಂದೆ 'ಅಪೂರ್ಣ' ಎಂದು ಬರೆದೆ. ಕಾರಣ ಎಂಬ ಕಡೆ ನನ್ನ ಹೆಸರು ಬರೆದು ಸಹಿ ಮಾಡಿದೆ.