ರಾಜೀನಾಮೆ ಎಂಬ ಪದದ ಬೆನ್ನುಹತ್ತಿ

ಭಾವ ಮಧ್ಯಪ್ರದೇಶದ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ತೊಂಬತ್ತೆಂಟರಲ್ಲಿ ಅಲ್ಲಿನ ಧಣಿ ಸಿಟ್ಟಿನಲ್ಲಿ ಅವರ ಬಲಗೈಗೆ ಕುದಿಯುವ ಎಣ್ಣೆ ಎರಚಿದ. ಜೊತೆಗಾರನೊಬ್ಬ ಪೊಲೀಸರಿಗೆ ದೂರು ಕೊಡಿಸಿ, ಅವರನ್ನು ರೈಲು ಹತ್ತಿಸಿ ಊರಿಗೆ, ಕೊಕ್ಕರ್ಣೆಗೆ ಕಳಿಸಿದ. ತಿಂಗಳೆರಡು ಕಳೆದ ಮೇಲೆ ಧಣಿಯ ಕಡೆಯಿಂದ ಅಂಚೆಯಲ್ಲಿ ಒಂದು ಹಿಂದಿ ಕಾಗದ ಬಂತು, ಸಹಿ ಹಾಕಿ ಕಳಿಸಿ ಎಂದು. ಭಾವನಿಗೆ ಹಿಂದಿ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ನಾನು ಆಗ ಕಿರಿಮಂಜೇಶ್ವರದ ಹತ್ತಿರ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಅಕ್ಕ ಎರಡು ಬಸ್ಸು ಬದಲಿಸಿ ಕಾಗದ ಹಿಡಿದುಕೊಂಡು ಬಂದಳು.

"ಇದ್ರಗೆ ಎಂತ ಬರ್ದಿರ್, ಕಾಣ್."

ಮೇಲೆ ದೊಡ್ಡದಾಗಿ 'ರಾಜೀನಾಮಾ' ಎಂದಿತ್ತು. ಕೆಳಗಿನದೆಲ್ಲ ಕೋರ್ಟಿನ ಗೀಚು ಬರಹ. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿಕೆಯಾಯಿತು.

"ಭಾವ ಕೆಲ್ಸ ಬಿಟ್ರ್ ಅಂದೇಳಿ ರಾಜೀನಾಮೆ, ಅಕ್ಕ. ಹ್ಯಾಂಗೂ ಅಲ್ಲಿಗ್ ತಿರ್ಗಿ ಹೋಪುಕಿಲ್ಲೆ ಅಲ್ದಾ? ಸೈನ್ ಹಾಕ್ಲಿ."

ಭಾವ ಎಡಗೈಯಲ್ಲಿ ಸಹಿ ಹಾಕಿದರು. ಸ್ವಲ್ಪ ದಿನಕ್ಕೆ ಕೇಸು ಮುಗಿದುಹೋಯಿತೆಂದು ಸುದ್ದಿ ಬಂತು. ಧಣಿ ಪೊಲೀಸರನ್ನು ಕೊಂಡುಕೊಂಡನೆಂದು ನಾವೆಲ್ಲ ವರ್ಷಗಟ್ಟಲೆ ಶಾಪ ಹಾಕಿದೆವು. ಎಲ್ಲರಿಗಿಂತ ಜೋರಾಗಿ ಹಾಕಿದವನು ನಾನೇ.

ಏಳೆಂಟು ವರ್ಷಗಳ ಮೇಲೆ ಒಂದು ಹಿಂದಿ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಜಗಳವಾಡಿದ ಅಣ್ಣ ತಮ್ಮ ಪಂಚಾಯ್ತಿಯಲ್ಲಿ 'ರಾಜೀನಾಮಾ' ಮಾಡಿಕೊಂಡರು ಎಂದು ಅದರಲ್ಲಿತ್ತು. ಅಣ್ಣ ತಮ್ಮ ಯಾವ ನೌಕರಿಗೆ ರಾಜೀನಾಮೆ ಕೊಡುತ್ತಾರೆ? ಕುಂದಾಪುರದ ಲೈಬ್ರರಿಯಲ್ಲಿ ಕೂತು ನಿಘಂಟುಗಳನ್ನು ತೆರೆದೆ. 'ರಾಜಿ' ಅರಬ್ಬಿಯದು, ಒಪ್ಪಿದವನು. 'ನಾಮಾ' ಪಾರಸಿಯದು, ಪತ್ರ. ಹಿಂದಿಯಲ್ಲಿ ಅದು ಇಂದಿಗೂ ಒಪ್ಪಂದದ ಪತ್ರವೇ. ಮರಾಠಿ ಸೀಮೆಯಲ್ಲಿ ರೈತ ಜಮೀನು ಬಿಟ್ಟುಕೊಡಲು ಬರೆಯುತ್ತಿದ್ದುದಕ್ಕೂ ಅದೇ ಹೆಸರು. ಬಿಡುವುದೆಂಬ ಅರ್ಥ ಆ ದಾರಿಯಲ್ಲೇ ನಮ್ಮ ಕನ್ನಡಕ್ಕೆ ಬಂದಿರಬೇಕು. ಭಾವ ಸಹಿ ಹಾಕಿದ್ದು ಕೆಲಸ ಬಿಡುವುದಕ್ಕಲ್ಲ, ಧಣಿಯ ಮೇಲಿನ ದೂರು ಬಿಡುವುದಕ್ಕೆ.

ಅದೇ ಭಾನುವಾರ ಕೊಕ್ಕರ್ಣೆಗೆ ಹೋಗಿ ಎಲ್ಲ ಹೇಳಿದೆ. ಭಾವ ಮಡಚಲಾಗದ ಬೆರಳುಗಳನ್ನು ನೋಡಿಕೊಂಡರು. ಅಕ್ಕ ಮಾತ್ರ ಕೇಳಿದಳು:

"ಅವತ್ತ್ ನಂಗ್ ಗೊತ್ತಿಲ್ಲೆ ಅಂದೇಳಿ ಹೇಳುಕೆ ನಿಂಗೆ ಎಂತಾಯಿತ್?"

ಆ ಪದದ ಮೂಲದ ಬಗ್ಗೆ ನಾನು ಬರೆದ ಲೇಖನ ಆಮೇಲೆ ಪತ್ರಿಕೆಯಲ್ಲಿ ಬಂತು; ಹೊಗಳಿ ನಾಲ್ಕು ಜನ ಫೋನು ಮಾಡಿದರು. ಭಾವನ ಸಹಿಯ ಸಂಗತಿಯನ್ನು ಅದರಲ್ಲಿ ಬರೆದಿರಲಿಲ್ಲ. ಅಕ್ಕ ಈಗಲೂ ಊಟಕ್ಕೆ ಕರೆಯುತ್ತಾಳೆ. ಮನೆಗೆ ಯಾವುದಾದರೂ ಕಾಗದ ಬಂದರೆ ಮಾತ್ರ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ, ಬೇರೆಯವರ ಹತ್ತಿರ ಓದಿಸಿಕೊಂಡು ಬರುತ್ತಾಳೆ.