ಎಂಟು ಪದರ, ಒಂಬತ್ತು ಪದರ

ಮೊನ್ನೆ ದೊಡ್ಡಬಳ್ಳಾಪುರದಿಂದ ಅಮ್ಮ ತನ್ನದೊಂದು ಹಳೆಯ ರೇಷ್ಮೆ ಸೀರೆ ಕಳಿಸಿದ್ದಳು. ಪೊಟ್ಟಣ ಬಿಚ್ಚಿದ್ದೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬಣ್ಣ, ಜರಿ ನೋಡುವುದು ಬಿಟ್ಟು ನಾನು ಪದರ ಎಣಿಸಿದೆ. ನಗಬೇಡಿ, ಗಣಿತ ಹೇಳಿಕೊಡುವವರಿಗೆ ಇಂಥ ರೋಗಗಳೆಲ್ಲ ಇರುತ್ತವೆ. ಒಂಬತ್ತಿತ್ತು! ಅಮ್ಮನ ಕೈಯಲ್ಲಿ ಒಂಬತ್ತೇ?

ನಮ್ಮದು ಮಗ್ಗದ ಮನೆ. ಅಮ್ಮ ಸೀರೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಇನ್ನೊಮ್ಮೆ ಅರ್ಧಕ್ಕೆ ಮಡಚುವವಳು, ಎಂಟು ಪದರ. ತೂಬಗೆರೆಯಿಂದ ಸೊಸೆಯಾಗಿ ಬಂದ ಅತ್ತಿಗೆ ಮೂರು ಪಾಲು ಮಡಚಿ, ಅದನ್ನೇ ಮತ್ತೆ ಮೂರು ಪಾಲು ಮಡಚುವವಳು; ಒಂಬತ್ತು.

"ಎಲ್ಲಾದ್ರಲ್ಲೂ ನಂಗಿಂತ ಒಂದು ಜಾಸ್ತಿನೇ ಇರ್ಬೇಕು ಇವಳಿಗೆ" ಎಂದು ಅಮ್ಮ ಗೊಣಗುತ್ತಿದ್ದಳು.

ಅತ್ತಿಗೆ ಗಣಿತದಲ್ಲಿ ಎಂಎಸ್ಸಿ. ಒಂದು ದಿನ ನಕ್ಕುಬಿಟ್ಟಳು: "ಇನ್ನೆಷ್ಟು ಸಲ ಮಡಚಿದ್ರೂ ನಂದು ನಿಮ್ದಕ್ಕಿಂತ ಸರಿಯಾಗಿ ಒಂದೇ ಜಾಸ್ತಿ ಬರೋದು ಎರಡೇ ಕಡೆ ಅತ್ತೆ. ಎರಡು-ಮೂರು, ಎಂಟು-ಒಂಬತ್ತು. ಮೂರನೇದು ಇಲ್ಲ."

"ಹುಡುಕ್ತಾ ಇದ್ರೆ ಯಾವ್ದು ತಾನೇ ಸಿಗಲ್ಲ? ಇವಳಿಗೆ ಗಂಡು ಸಿಕ್ಕಿಲ್ವಾ?" ಎಂದು ಅಮ್ಮ ನನ್ನತ್ತ ಕೈ ತೋರಿಸಿದಳು.

ಸಿಕ್ಕಿದ್ದ, ಅದೇ ನನ್ನ ಸಂಕಟ. ನನಗೆ ಅತ್ತಿಗೆಯಂತೆ ಎಂಎಸ್ಸಿ ಓದುವ ಹುಚ್ಚು. ಸಾಸಲಿನ ಕಡೆಯ ಹುಡುಗನ ಜಾತಕ ಆಗಲೇ ದೇವರ ಗೂಡಿನಲ್ಲಿತ್ತು.

ಅಮ್ಮನಿಗೆ ಹಟ ಬಂತು. "ಇಲ್ಲ ಅಂತ ತೋರ್ಸು ನೋಡೋಣ. ತೋರ್ಸಿದ್ರೆ ಜಾತಕ ವಾಪಸ್ಸು, ಇವಳು ಓದ್ಲಿ. ಇಲ್ದಿದ್ರೆ ಮದುವೆ."

ಕೊನೆಯೇ ಇಲ್ಲದ ಮಡಿಕೆಗಳನ್ನು ಮಡಚಿ ಮುಗಿಸುವವರು ಯಾರು?

ಅತ್ತಿಗೆ ಸೀರೆ ಮುಟ್ಟಲೇ ಇಲ್ಲ. "ನಾನು ಬೆಸ ಸಲ ಮಡಚಿದ್ರೆ ಮೂರು, ಇಪ್ಪತ್ತೇಳು, ಹಿಂಗೆ. ಒಂದು ಕಳೀರಿ: ಎರಡು, ಇಪ್ಪತ್ತಾರು. ನಿಮ್ಮ ಲೆಕ್ಕ ಆಗ್ಬೇಕಾದ್ರೆ ಅರ್ಧ ಮಾಡ್ತಾ ಮಾಡ್ತಾ ಒಂದಕ್ಕೆ ಇಳೀಬೇಕು; ಇವನ್ನ ಒಂದೇ ಸಲ ಅರ್ಧ ಮಾಡೋಕಾಗೋದು, ಅಲ್ಲಿಗೆ ಬೆಸ. ಎರಡು ಮಾತ್ರ ಪಾಸು. ಸಮ ಸಲ ಮಡಚಿದ್ರೆ, ಒಂದು ಕಳೆದಾಗ ಉಳಿಯೋದು ಎರಡರ ಅಂತರ ಇರೋ ಎರಡು ಸಂಖ್ಯೆಗಳ ಗುಣಾಕಾರ; ಎಂಬತ್ತೊಂದಾದ್ರೆ ಎಂಟು ಹತ್ತಲೆ ಎಂಬತ್ತು, ಹಂಗೆ. ಆ ಎರಡೂ ನಿಮ್ಮ ಸಾಲಲ್ಲೇ ಇರ್ಬೇಕು. ಎರಡು, ನಾಲ್ಕು, ಎಂಟು, ಹದಿನಾರು... ಎರಡರ ಅಂತರ ಎಲ್ಲಿದೆ ಹೇಳಿ? ಎರಡು, ನಾಲ್ಕರ ಮಧ್ಯ ಮಾತ್ರ. ಎರಡು ನಾಲ್ಕಲೆ ಎಂಟು. ಮುಗೀತು!"

ಅಮ್ಮ ಸೂರು ನೋಡಿದಳು, ಅತ್ತಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು. "ಸರಿ, ಅರ್ಥ ಆಯ್ತು. ಓದ್ಕೋ ಹೋಗು" ಎಂದಳು. ಓದಿದೆ. ಟೀಚರಾದೆ. ಗಣಿತವೇ ನನ್ನನ್ನು ಪಾರುಮಾಡಿತೆಂದು ಪ್ರತಿ ವರ್ಷ ತರಗತಿಯಲ್ಲಿ ಜಂಬ ಕೊಚ್ಚುತ್ತಲೂ ಬಂದಿದ್ದೇನೆ.

ಮೊನ್ನೆ ಆ ಒಂಬತ್ತು ಪದರ ಎಣಿಸಿದವಳೇ ಅಮ್ಮನಿಗೆ ಫೋನ್ ಮಾಡಿ ಕೇಳಿದೆ: "ಏನಮ್ಮಾ, ನೀನೂ ಮೂರು ಪಾಲಿಗೆ ಬಂದ್ಬಿಟ್ಯಾ?"

"ಅವತ್ತು ಅವಳು ಹೇಳಿದ್ದು ಒಂದಕ್ಷರಾನೂ ಅರ್ಥ ಆಗ್ಲಿಲ್ಲ ಕಣೇ. ನಿನ್ ಮುಖ ನೋಡೋಕಾಗ್ದೆ ಒಪ್ಕೊಂಡೆ. ಆಮೇಲೆ ಯಾರಿಗೂ ಹೇಳ್ದೆ ಅವಳ ಥರಾನೇ ಮಡಚಿ ಮಡಚಿ ನೋಡ್ದೆ, ಅದೇ ಅಭ್ಯಾಸ ಆಗೋಯ್ತು."

"ಈಗ ಅರ್ಥ ಆಗಿದ್ಯಾ?"

"ಇಲ್ಲ" ಎಂದಳು ಅಮ್ಮ. "ಆದ್ರೆ ಮೂರನೇದೂ ಸಿಕ್ಕಿಲ್ಲ ಬಿಡು."

ನಗುತ್ತಲೇ ಕಣ್ಣು ತುಂಬಿ ಬಂತು. ಸೀರೆಯನ್ನು ಅದರದೇ ಗೆರೆಗಳ ಮೇಲೆ, ಒಂಬತ್ತಕ್ಕೇ ಮಡಚಿ ಬೀರುವಿನಲ್ಲಿಟ್ಟೆ.